ಸ್ವೀಡನ್ನಿನ ಹನ್ನೊಂದನೆಯವನು ಮತ್ತು ನಮ್ಮ ಪೊರ್ಬುಗಳು

ರಬ್ಬರ್ ಬ್ಯಾಂಡು ಮಸ್ಕತ್ತಿನ ಸೆಕೆಗೆ ಕರಗಿ, ಮತ್ತೆ ಗಟ್ಟಿಯಾಗಿ ಕಾಗದಕ್ಕೆ ಅಂಟಿಕೊಂಡರೆ ಅದಕ್ಕೊಂದು ವಾಸನೆ ಬರುತ್ತದೆ. ಕೆಲವು ತಿಂಗಳ ಹಿಂದೆ ಅಲ್ ಅಜೈಬಾದ ನಮ್ಮ ಆಫೀಸಿನ ಹಿಂದಿರುವ ಸ್ಟೋರನ್ನು ಖಾಲಿ ಮಾಡುವಾಗ ಕಪಾಟಿನ ಮೇಲೆ ಖರ್ಜೂರದ ಬಿಸ್ಕತ್ತಿನ ತಗಡಿನ ಡಬ್ಬಿಯೊಂದು ಸಿಕ್ಕಿತು. ಮುಚ್ಚಳ ತೆಗೆದದ್ದೇ ತಡ, ಆ ವಾಸನೆ ಮೂಗಿಗೆ ಬಡಿಯಿತು. ಅದರ ಬೆನ್ನಿಗೇ ಗ್ರೀಸು, ಗೋಣಿ, ಏಲಕ್ಕಿ ಹಾಕಿದ ಸುಲೈಮಾನಿ ಚಹಾ... ಮತ್ತು ನಮ್ಮ ಸ್ಟೋರ್‌ಕೀಪರ್ ಪೊರ್ಬುಗಳು.

ನಮ್ಮ ತುಳುನಾಡಿನಲ್ಲಿ ಕ್ರೈಸ್ತ ಹಿರಿಯರನ್ನು ಪೊರ್ಬುಗಳು ಎಂದೇ ಕರೆಯುವುದು. ಅವರದು ಕೊಂಕಣಿ, ನನ್ನದು ತುಳು, ಆಫೀಸಿನಲ್ಲಿ ಇಬ್ಬರಿಗೂ ಕರಾವಳಿಯ ಕನ್ನಡ. ನಾನು ಕಂಪನಿಯ ಅಡ್ಮಿನ್ ವಿಭಾಗಕ್ಕೆ ಸೇರಿದಾಗಲೇ ಅವರ ತಲೆ ಪೂರ್ತಿ ನೆರೆತಿತ್ತು. ಸ್ಟೋರಿನ ಒಂದೊಂದು ಸಾಮಾನಿಗೂ ಅವರು ಒಂದೊಂದು ಕಾರ್ಡು ಇಟ್ಟಿದ್ದರು. ಬಂದದ್ದೆಷ್ಟು, ಹೋದದ್ದೆಷ್ಟು, ಉಳಿದದ್ದೆಷ್ಟು ಎಂದು ಮೂರು ಕಾಲಮ್ಮು. ಕಂಪ್ಯೂಟರ್ ಬಂದ ಮೇಲೂ ಅವರು ಕಾರ್ಡು ಬಿಡಲಿಲ್ಲ. ನಾವು ಬೆನ್ನ ಹಿಂದೆ ನಗುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ, ಕೆಲವೊಮ್ಮೆ ಎದುರಿಗೇ ನಗುತ್ತಿದ್ದೆವು.

ಆದರೆ ಅವರ ಮೇಜಿನ ಕೆಳಗಿನ ಖಾನೆಯಲ್ಲಿದ್ದ ಕಾರ್ಡುಗಳು ಸ್ಟೋರಿನವಲ್ಲ. ಅವು ಸ್ವೀಡನ್ ದೇಶದ ಒಂದು ಫುಟ್‌ಬಾಲ್ ಕ್ಲಬ್ಬಿನವು.

ಮಸ್ಕತ್ತಿಗೆ ಬರುವ ಮೊದಲು ಅವರು ಒಮಾನಿನ ದಕ್ಷಿಣದ ಸಲಾಲಾ ಬಂದರಿನಲ್ಲಿ ಕಂಪನಿಯ ಸ್ಟೋರು ನೋಡಿಕೊಳ್ಳುತ್ತಿದ್ದರು. ಕ್ರೇನ್ ಜೋಡಿಸಲು ಬಂದಿದ್ದ ಸ್ವೀಡನ್ನಿನ ಇಂಜಿನಿಯರೊಬ್ಬ ಊರಿಗೆ ಮರಳುವಾಗ ತನ್ನ ಕ್ಲಬ್ಬಿನ ದಪ್ಪ ದಾಖಲೆ ಪುಸ್ತಕವನ್ನು ಇವರ ಕೈಗಿಟ್ಟು ಹೋಗಿದ್ದ. ಪ್ರತಿ ವರ್ಷದ ಆಟಗಳು, ಆಡಿದವರ ಹೆಸರು, ಯಾರು ಎಷ್ಟು ಆಟ, ಎಷ್ಟು ಗೋಲು... ಪೊರ್ಬುಗಳಿಗೆ ಸ್ವೀಡಿಷ್ ಬಾರದು, ಚೆಂಡು ಒದ್ದು ಗೊತ್ತಿಲ್ಲ. ಕಾಲಮ್ಮುಗಳು ಮಾತ್ರ ಗೊತ್ತು. ಸಲಾಲಾದ ಮಳೆಗಾಲದಲ್ಲಿ ಬೇರೆ ಕೆಲಸವಿಲ್ಲದೆ ಒಬ್ಬೊಬ್ಬ ಆಟಗಾರನಿಗೂ ಒಂದು ಕಾರ್ಡು ಬರೆದು, ಸ್ಟಾಕ್ ತೆಗೆದ ಹಾಗೆ ಕೂಡಿಸುತ್ತಾ ಹೋದರು.

ಒಂದು ವರ್ಷದ ಲೆಕ್ಕ ಕೂಡಲಿಲ್ಲ. ಅದು ಬದಲಿ ಆಟಗಾರರೇ ಇಲ್ಲದ ಹಳೆಯ ಕಾಲ. ಆಟಕ್ಕೆ ಹನ್ನೊಂದು ಜನ, ಅಷ್ಟೇ. ಆ ವರ್ಷದ ಆಟಗಳನ್ನು ಹನ್ನೊಂದರಿಂದ ಗುಣಿಸಿದರೆ ಬರುವುದಕ್ಕಿಂತ ಆಟಗಾರರ ಕಾರ್ಡುಗಳನ್ನು ಕೂಡಿಸಿದರೆ ಒಂದು ಕಡಿಮೆ ಬರುತ್ತಿತ್ತು. ಹುಡುಕುತ್ತಾ ಹೋದರೆ ಒಂದು ಆಟದ ಪಟ್ಟಿಯಲ್ಲಿ ಹತ್ತೇ ಹೆಸರು. ಅದೇ ದಿನದ ಫೋಟೋದಲ್ಲಿ ಮಾತ್ರ ಹನ್ನೊಂದು ಜನ ನಿಂತಿದ್ದರು. ಕೊನೆಯಲ್ಲಿ ನಿಂತವನು ಬಿಸಿಲಿಗೆ ಕೈ ಅಡ್ಡ ಹಿಡಿದಿದ್ದ. ಅವನ ಮುಖ ಪುಸ್ತಕದ ಬೇರೆ ಯಾವ ಫೋಟೋದಲ್ಲೂ ಇರಲಿಲ್ಲ. ಜೀವಮಾನದಲ್ಲಿ ಅವನು ಆಡಿದ್ದು ಅದೊಂದೇ ಆಟವಿರಬೇಕು, ಅದೂ ಬರೆಯದೆ ಹೋಗಿತ್ತು.

“ಒಂದು ಪೀಸ್ ಶಾರ್ಟ್ ಉಂಟು ಮಗಳೇ. ಹಾಗೆ ಬಿಡ್ಲಿಕ್ಕೆ ಆಗ್ತದಾ?” ಎಂದು ಅವರು ನನ್ನ ಮೇಜಿನ ಎದುರು ಬಂದು ನಿಂತದ್ದು ಹೀಗೆ. ಅವರಿಗೆ ಇಂಗ್ಲಿಷ್ ಪತ್ರ ಬರೆಯುವವರು ಬೇಕಾಗಿತ್ತು.

ತಿಂಗಳ ಕೊನೆಗೆ ಸ್ಟಾಕ್ ತೆಗೆಯುವುದು, ಮರು ತಿಂಗಳ ಮೊದಲ ಭಾನುವಾರ (ಇಲ್ಲಿ ಶುಕ್ರ, ಶನಿ ರಜೆ) ಆಫೀಸು ತೆರೆದೊಡನೆ ಕ್ಲಬ್ಬಿಗೆ ಮೇಲ್ ಹಾಕಿಸುವುದು ಅವರ ನಿಯಮವಾಯಿತು. ನನಗೆ ಕೆಲಸ ತಲೆಯ ಮೇಲೆ ಬಿದ್ದಿದ್ದರೂ ಬಿಡುತ್ತಿರಲಿಲ್ಲ. ಸುಲೈಮಾನಿ ತಂದಿಟ್ಟು ಪಕ್ಕದಲ್ಲೇ ನಿಂತುಬಿಡುತ್ತಿದ್ದರು. ಆರೇಳು ತಿಂಗಳ ಮೇಲೆ ಎರಡು ಸಾಲಿನ ಉತ್ತರ ಬಂತು. ನಿಮ್ಮ ಆಸಕ್ತಿಗೆ ಧನ್ಯವಾದ, ಅಂಥ ಆಟಗಾರನ ದಾಖಲೆ ನಮ್ಮಲ್ಲಿಲ್ಲ ಎಂದಿತ್ತು. ನಾನು ಓದಿ ಹೇಳಿದೆ. ಇನ್ನಾದರೂ ಬಿಡುತ್ತಾರೆ ಎಂದುಕೊಂಡಿದ್ದೆ.

“ಫೋಟೋದಲ್ಲಿ ಆಳು ಉಂಟು, ಪುಸ್ತಕದಲ್ಲಿ ಇಲ್ಲ. ತಪ್ಪು ಆಳಿನದ್ದಾ, ಪುಸ್ತಕದ್ದಾ? ಹಾಗೇ ಬರಿ ನೋಡುವ” ಎಂದರು. ಹಾಗೇ ಬರೆದೆ.

ಅವರು ನಿವೃತ್ತರಾಗುವವರೆಗೂ ಇದು ನಡೆಯಿತು. ವಿದಾಯದ ದಿನ ಬಿರಿಯಾನಿ ತರಿಸಿ, ಶಾಲು ಹೊದಿಸಿ, ಚೌಕಟ್ಟು ಹಾಕಿಸಿದ ದೀರ್ಘ ಸೇವೆಯ ಪ್ರಮಾಣಪತ್ರ ಕೊಟ್ಟೆವು. ಅದನ್ನು ಟೈಪ್ ಮಾಡಿದವಳು ನಾನೇ. ಪೊರ್ಬುಗಳು ಅದನ್ನು ಎರಡು ಸಲ ಓದಿದರು. ಆಮೇಲೆ ನನ್ನ ಕಡೆ ನೋಡಿ ನಕ್ಕು, “ಖಲಾಸ್ ಮಗಳೇ” ಎಂದರು. ಸ್ಟೋರಿನ ಬೀಗದ ಕೈ ಒಪ್ಪಿಸುವಾಗ ಆ ಬಿಸ್ಕತ್ತಿನ ಡಬ್ಬಿಯನ್ನೂ ತೋರಿಸಿದರು. “ಇದು ಇಲ್ಲೇ ಇರ್ಲಿ. ಪುರುಸೊತ್ತಾದಾಗ ನೀನೊಮ್ಮೆ ಸ್ಟಾಕ್ ತೆಗೆದು ನೋಡು.”

ನಾನು ನೋಡಲಿಲ್ಲ. ಮೊದಲ ಭಾನುವಾರದ ಪತ್ರವೂ ಅವರ ಜತೆಗೇ ನಿಂತಿತು. ಎರಡು ವರ್ಷದ ಮೇಲೆ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವರ ಫೋಟೋ ಬಂತು, ಅದರ ಕೆಳಗೆ ಕೈ ಮುಗಿದ ಚಿತ್ರಗಳ ಸಾಲು. ನಾನೂ ಒಂದು ಹಾಕಿ ಕೆಲಸಕ್ಕೆ ಕೂತೆ...

ಡಬ್ಬಿಯೊಳಗೆ ಅಂಟಿದ್ದ ರಬ್ಬರನ್ನು ಉಗುರಿನಿಂದ ಕೆರೆದು ಕಾರ್ಡುಗಳನ್ನು ಬಿಡಿಸಿದೆ. ಹೆಸರಿನ ಜಾಗದಲ್ಲಿ ಬರೀ ಗೆರೆ ಎಳೆದ ಕಾರ್ಡೊಂದು ಮೇಲೆಯೇ ಇತ್ತು. ಬಿಸಿಲಿಗೆ ಕೈ ಹಿಡಿದವನದು. ಎಲ್ಲದರ ಅಡಿಯಲ್ಲಿದ್ದ ಕಾರ್ಡಿನಲ್ಲಿ ಪೊರ್ಬುಗಳ ಸ್ವಂತ ಹೆಸರಿತ್ತು. ಮೊದಲ ಸಾಲು ಸಲಾಲಾದ ವರ್ಷಗಳು, ಎರಡನೆಯದು ಮಸ್ಕತ್ತಿನವು. ಎರಡನ್ನೂ ಕೂಡಿಸಿದ ಮೊತ್ತದ ಪಕ್ಕದಲ್ಲಿ ಪೆನ್ಸಿಲಿನಲ್ಲಿ ಪುಟ್ಟದಾಗಿ ‘ಪ್ರಮಾಣಪತ್ರದಲ್ಲಿ ಶಾರ್ಟ್’ ಎಂದು ಬರೆದಿದ್ದರು.

ಸಲಾಲಾದಿಂದ ಇಲ್ಲಿಗೆ ಬಂದಾಗ ಅವರ ವೀಸಾ ಹಳೆಯ ಕಫೀಲನಿಂದ, ಅಂದರೆ ವೀಸಾ ಕೊಡಿಸುವ ಅರಬ್ಬಿ ಪ್ರಾಯೋಜಕನಿಂದ, ಹೊಸ ಕಫೀಲನ ಹೆಸರಿಗೆ ಬದಲಾಗಿತ್ತು. ಕಂಪ್ಯೂಟರಿಗೆ ಗೊತ್ತಿದ್ದದ್ದು ಹೊಸ ವೀಸಾದ ತಾರೀಖು ಮಾತ್ರ. ನಾನು ಅದನ್ನೇ ನೋಡಿ ಪ್ರಮಾಣಪತ್ರ ಟೈಪ್ ಮಾಡಿದ್ದೆ. ಸಲಾಲಾದ ಅಷ್ಟೂ ಮಳೆಗಾಲಗಳನ್ನು ಒಂದೇ ಏಟಿಗೆ ಅಳಿಸಿ, ಅದಕ್ಕೊಂದು ಚೌಕಟ್ಟನ್ನೂ ಹಾಕಿಸಿದ್ದೆ. ಗುರುತಿಲ್ಲದ ಯಾವನೋ ಸ್ವೀಡನ್ನಿನವನ ಒಂದು ಆಟಕ್ಕಾಗಿ ವರ್ಷಗಟ್ಟಲೆ ಜಗಳಾಡಿದ ಮನುಷ್ಯ ತನ್ನ ವರ್ಷಗಳಿಗಾಗಿ ಒಂದು ಮಾತೂ ಆಡಿರಲಿಲ್ಲ. ಆ ಹೊತ್ತಿಗೆ ನನಗೆ ನನ್ನ ಮೇಲೆ ಬಂದಷ್ಟು ಸಿಟ್ಟು ಬೇರೆ ಯಾರ ಮೇಲೂ ಬಂದದ್ದಿಲ್ಲ.

ಆ ಸಿಟ್ಟೇ ನನ್ನನ್ನು ಎಬ್ಬಿಸಿತು. ಸಲಾಲಾದ ಬ್ರಾಂಚು ಮುಚ್ಚಿ ಎಷ್ಟೋ ಕಾಲವಾಗಿತ್ತು. ಹಳೆಯ ಫೈಲುಗಳು ಗೋಡೌನಿನಲ್ಲಿ ಇರಬಹುದು ಅಂದರು ಒಬ್ಬರು, ಎಸೆದಾಗಿದೆ ಅಂದರು ಇನ್ನೊಬ್ಬರು. ಮೂರು ಶನಿವಾರ ರಜೆಯ ದಿನವೇ ಹೋಗಿ ಧೂಳು ಕುಡಿದೆ. ನಾಲ್ಕನೆಯ ಶನಿವಾರ ಅವರ ನೇಮಕಾತಿ ಪತ್ರ ಸಿಕ್ಕಿತು, ಗೆದ್ದಲು ತಿಂದ ಅಂಚು, ತಾರೀಖು ಮಾತ್ರ ಸ್ಪಷ್ಟ. ಹೊಸ ಪ್ರಮಾಣಪತ್ರ ಮಾಡಿ ಮ್ಯಾನೇಜರ ಮುಂದಿಟ್ಟೆ. ತೀರಿಹೋದವರಿಗೆ ಇದೆಲ್ಲ ಇನ್ನು ಯಾಕೆ ಎಂದು ಅವರು ಹಿಂದಿಯಲ್ಲಿ ಕೇಳಿದರು. ಆಳು ಇದ್ದದ್ದು ಹೌದು ಸಾರ್, ಪುಸ್ತಕದಲ್ಲಿ ಇಲ್ಲದಿದ್ದರೆ ಅದು ಪುಸ್ತಕದ ತಪ್ಪು ಎಂದು ನಾನೂ ಹಿಂದಿಯಲ್ಲೇ ಹೇಳಿ, ಸುಲೈಮಾನಿ ತರಿಸಿ ಅಲ್ಲೇ ನಿಂತೆ. ಸಹಿ ಬಿತ್ತು.

ಕ್ಲಬ್ಬಿಗೂ ಮತ್ತೆ ಬರೆಯತೊಡಗಿದೆ. ಈ ಸಲ ಡಬ್ಬಿಯ ಪಕ್ಕದಲ್ಲೇ ಸಿಕ್ಕಿದ್ದ ಪುಸ್ತಕದಿಂದ ಫೋಟೋ ಸ್ಕ್ಯಾನ್ ಮಾಡಿ, ಪೊರ್ಬುಗಳ ಅಷ್ಟೂ ಕಾರ್ಡುಗಳನ್ನು ಜತೆಗಿಟ್ಟೆ. ಮೊನ್ನೆ ಉತ್ತರ ಬಂದಿದೆ. ಆ ವರ್ಷದ ಪಟ್ಟಿಗೆ ಒಂದು ಸಾಲು ಸೇರಿಸಿದ್ದಾರಂತೆ: ಹೆಸರು ತಿಳಿದಿಲ್ಲ, ಒಂದು ಆಟ. ಕೂಡಿಸಿ ನೋಡಿದೆ. ಲೆಕ್ಕ ಸರಿಬಂತು. ಇದನ್ನು ಓಡಿಹೋಗಿ ಹೇಳಲು ಸ್ಟೋರಿನಲ್ಲಿ ಯಾರೂ ಇರಲಿಲ್ಲ. ಸ್ಟೋರೇ ಇರಲಿಲ್ಲ.

ನಿನ್ನೆ ಉಡುಪಿಯ ಕಡೆಯಿಂದ ಅವರ ಹೆಂಡತಿಯ ಫೋನು ಬಂತು. ನಾನು ಕಳಿಸಿದ ಪ್ರಮಾಣಪತ್ರ ತಲುಪಿತ್ತು. ತಡವಾಯಿತು, ತಪ್ಪು ನನ್ನದೇ ಬಾಯಮ್ಮಾ ಎಂದು ಹೇಗೋ ಹೇಳಿ ಮುಗಿಸಿದೆ.

“ಹಳೇದನ್ನು ಅವರು ಗೋಡೆಗೆ ಹಾಕ್ಲೇ ಇಲ್ಲ” ಎಂದರು ಬಾಯಮ್ಮ. “ಊರಿಗೆ ಬಂದ ವಾರವೇ ಮೊಳೆ ಮಾತ್ರ ಹೊಡೆದಿಟ್ರು. ನಾನು ಕೇಳಿದ್ರೆ, ಸರಿಯಾದ್ದು ಬರ್ತದೆ, ಆ ಹುಡುಗಿ ಸ್ಟಾಕ್ ತೆಗೆಯುವಾಗ ಅವಳಿಗೆ ಗೊತ್ತಾಗ್ತದೆ ಹೇಳ್ತಿದ್ರು.”

ಎರಡು ವರ್ಷ ಆ ಮೊಳೆ ಖಾಲಿಯೇ ಇತ್ತು, ಅವರು ಅದನ್ನು ದಿನಾ ನೋಡುತ್ತಿದ್ದರು. ಆ ಎರಡು ವರ್ಷವನ್ನು ನಾನು ಯಾವ ಕಾರ್ಡಿನಲ್ಲಿ ಬರೆದರೂ ಸರಿಬರುವುದಿಲ್ಲ.

ಇವತ್ತು ತಿಂಗಳ ಮೊದಲ ಭಾನುವಾರ. ಮೇಜಿನ ಮೇಲೆ ಸುಲೈಮಾನಿ ಇದೆ, ಪಕ್ಕದಲ್ಲಿ ಹೆಸರಿನ ಜಾಗದಲ್ಲಿ ಗೆರೆ ಎಳೆದ ಆ ಕಾರ್ಡು. ಸಾಲು ಸೇರಿಸಿದ್ದಕ್ಕೆ ಧನ್ಯವಾದ, ಇನ್ನು ಅವನ ಹೆಸರು ಹುಡುಕಿ ಕೊಡಿ ಎಂದು ಕ್ಲಬ್ಬಿಗೆ ಬರೆಯುತ್ತಿದ್ದೇನೆ.