ಏಳನೆಯ ಮಾಹಿತಿದಾರ

ರುದ್ರಮುನಿಗೆ ಹೆದರಿಕೆ ಹೊಸದೇನಲ್ಲ. ಶಿರಾದ ಕಾಲೇಜೊಂದರಲ್ಲಿ ನಾವಿಬ್ಬರೂ ಅತಿಥಿ ಉಪನ್ಯಾಸಕರು. ಅವನದು ಕನ್ನಡ, ನನ್ನದು ಅರ್ಥಶಾಸ್ತ್ರ. ಈ ವರ್ಷ ಮತ್ತೆ ಕರೆಯುತ್ತಾರೋ ಇಲ್ಲವೋ ಎಂದು ಪ್ರತಿ ವರ್ಷ ಜೀವ ಕೈಯಲ್ಲಿ ಹಿಡಿದು ಕೂರುವವರು. ನಲವತ್ತೊಂದನೇ ವಯಸ್ಸಿಗೆ ಅವನು ಪಿಎಚ್‌ಡಿಗೆ ಕೈಹಾಕಿದ್ದೂ ಆ ಭಯದಿಂದಲೇ. ವಿಷಯ ನಮ್ಮ ಬಯಲುಸೀಮೆಯ ಮೂಡಲಪಾಯ ಯಕ್ಷಗಾನ. ಹದಿನಾರು ವರ್ಷದಿಂದ ಅವನೇ ಮೇಳದಲ್ಲಿ ದ್ರೌಪದಿ ವೇಷ ಕಟ್ಟುತ್ತಿದ್ದ. ಕಾಲೇಜಿನಲ್ಲಿ ಇದು ನನ್ನೊಬ್ಬನಿಗೆ ಗೊತ್ತಿತ್ತು. ಹುಡುಗರಿಗೆ ತಿಳಿದರೆ ಪಾಠ ಮಾಡಲು ಬಿಡುವುದಿಲ್ಲ ಎಂದು ಅವನಿಗೆ ಅಳುಕು.

ವೇಷ ಕಟ್ಟಿ ಕುಣಿದಷ್ಟು ಸುಲಭವಾಗಿ ಬರೆಯಲು ಬರಲಿಲ್ಲ. ಮೊದಲ ಅಧ್ಯಾಯದ ಪುಟಪುಟದಲ್ಲೂ ‘ಅತ್ಯದ್ಭುತ’. ಮಾರ್ಗದರ್ಶಕಿ ಜಗದಾಂಬ ಮೇಡಂ ಅಷ್ಟಕ್ಕೂ ಕೆಂಪು ಗೀಟು ಎಳೆದು, “ಯಾರಿಗೆ ಅದ್ಭುತ? ಯಾರು ಹೇಳಿದರು? ಯಾವಾಗ?” ಎಂದು ಬರೆದು ಕಳಿಸಿದರು. ಆಮೇಲೆ ಪಾಪ, ಸಂಶೋಧನಾ ವಿನ್ಯಾಸ ಎಂಬುದನ್ನು ಕುಳಿತು ಕಲಿತ. ಯಾರನ್ನು ಕೇಳಬೇಕು, ಅವರನ್ನೇ ಯಾಕೆ ಕೇಳಬೇಕು, ಅವರು ಹೇಳಿದ್ದು ನಿಜವೇ ಎಂದು ಹೇಗೆ ನೋಡಬೇಕು, ಹೀಗೆ. ಏಳು ಮಂದಿ ಮಾಹಿತಿದಾರರನ್ನು ಗೊತ್ತುಮಾಡಿಕೊಂಡ. ಮೊದಲನೆಯವರು ಮಿಡಿಗೇಶಿಯ ಭಾಗವತ ದೊಡ್ಡರಂಗಯ್ಯ, ಇವನಿಗೆ ಹೆಜ್ಜೆ ಕಲಿಸಿದ ಗುರು. ದ್ರೌಪದಿಯ ಹೆಜ್ಜೆ ತಮ್ಮ ಮನೆಯಲ್ಲಿ ನಾಲ್ಕು ತಲೆಮಾರಿನಿಂದ ಬಂದದ್ದು ಎಂಬ ಅವರ ಮಾತೇ ಪ್ರಬಂಧಕ್ಕೆ ತಳಪಾಯ.

ಏಳನೆಯವನು ಪಾವಗಡ ಸೀಮೆಯ ಸ್ತ್ರೀವೇಷಧಾರಿ ಕದಿರಯ್ಯ. ಅವನ ಸಂದರ್ಶನ ಓದಿ ನಾನೂ ಬೆರಗಾದೆ. “ಬಳೆ ತೊಟ್ಟ ಮೇಲೆ ಹೆಂಡತಿ ಎದುರಿಗೆ ಬಂದರೆ ಅವಳು ನನ್ನ ಅಕ್ಕನಂತೆ ಕಾಣುತ್ತಾಳೆ” ಎಂದಿದ್ದ. ಮೇಡಂ ಪಕ್ಕದಲ್ಲಿ, “ಇವರನ್ನು ನಾನು ಭೇಟಿಯಾಗಬೇಕು” ಎಂದು ಬರೆದರು. ಅವತ್ತು ರುದ್ರಮುನಿ ಊಟದ ಡಬ್ಬಿ ತೆರೆಯಲಿಲ್ಲ.

“ಕದಿರಯ್ಯ ಅನ್ನೋರು ಯಾರೂ ಇಲ್ಲ ಕಣೋ. ಅದು ನಾನೇ,” ಅಂದ.

“ನಿನ್ನ ಬುದ್ಧಿಗಿಷ್ಟು!” ಎಂದು ಬೈದೆ. ಅವನು ವಿವರಿಸಿದ. ಅವರ ಮೇಳದಲ್ಲಿ ಒಂದು ಕಟ್ಟುಪಾಡಿದೆ. ಸ್ತ್ರೀವೇಷದವನು ಬಳೆ ತೊಟ್ಟರೆ, ಅದನ್ನು ಕಳಚುವ ತನಕ ಯಾರೂ ಅವನ ಹೆಸರೆತ್ತುವಂತಿಲ್ಲ, ‘ತಾಯಿ’ ಎಂದೇ ಕರೆಯಬೇಕು. ಒಂದು ಬೆಳಿಗ್ಗೆ ಆಟ ಮುಗಿದ ಮೇಲೆ, ಬಳೆ ಕೈಯಲ್ಲಿರುವಾಗಲೇ ಮೊಬೈಲಿಗೆ ತಾನೇ ಮಾತಾಡಿ ರೆಕಾರ್ಡ್ ಮಾಡಿಕೊಂಡಿದ್ದ. ಆ ಮಾತಿನ ಕೆಳಗೆ ತನ್ನ ಹೆಸರು ಹಾಕಲು ಕೈ ಬರಲಿಲ್ಲವಂತೆ. ಇದರಲ್ಲಿ ಅರ್ಧ ನಿನ್ನ ಪುಕ್ಕಲುತನವೂ ಇದೆ ಎಂದೆ. ಅವನು ಇಲ್ಲವೆನ್ನಲಿಲ್ಲ.

“ಸುಳ್ಳು ಮಾಹಿತಿ ಅಂತ ನೋಂದಣಿ ರದ್ದು ಮಾಡಿಬಿಟ್ರೆ? ನಾಲ್ಕು ವರ್ಷ ಹೋಯ್ತಲ್ಲೋ,” ಎಂದು ಅದನ್ನೇ ಹದಿನೈದು ದಿನ ಹೇಳಿದ. ಮೇಡಂ ಕರೆದ ದಿನ ನನ್ನನ್ನೂ ಧೈರ್ಯಕ್ಕೆಂದು ವಿಶ್ವವಿದ್ಯಾಲಯಕ್ಕೆ ಎಳೆದುಕೊಂಡು ಹೋದ. ನನಗೇ ಧೈರ್ಯವಿರಲಿಲ್ಲ, ಅದು ಬೇರೆ ವಿಷಯ.

“ಕದಿರಯ್ಯನವರ ನಂಬರ್ ಕೊಡಿ,” ಎಂದರು ಮೇಡಂ.

“ಅವರ ಹತ್ರ ಫೋನಿಲ್ಲ ಮೇಡಂ.”

“ಹಾಗಾದರೆ ದೊಡ್ಡರಂಗಯ್ಯನವರನ್ನು ಕೇಳೋಣ,” ಎಂದು ಮೇಡಂ ಆಗಲೇ ಫೋನು ಹಚ್ಚಿ ಸ್ಪೀಕರ್ ಹಾಕಿದರು.

“ಕದಿರಯ್ಯನಾ?” ಆ ಕಡೆ ಮುದುಕರು ತಡೆದರು. “ಯಾರು ಹೇಳಿದ್ರವ್ವಾ?”

“ನಿಮ್ಮ ಶಿಷ್ಯ ರುದ್ರಮುನಿ ಬರೆದಿದ್ದಾರೆ.”

“ಓ, ನಮ್ ಕದಿರಯ್ಯ! ಗೊತ್ತಿಲ್ದೆ ಏನು ಕಣಮ್ಮ, ಪಾವಗಡದೋನು. ಸೀರೆ ಉಟ್ಟು ನಿಂತ್ಬುಟ್ರೆ ಹೆಣ್ಮಕ್ಳೇ ನಾಚ್ಕೋಬೇಕು, ಅಂಗವ್ನೆ. ಈಗ ಮಂಡಿನೋವು ಅಂತ ಮಗಳ ಮನೆ ಸೇರ್ಕೊಂಡವ್ನೆ.”

ಎಲ್ಲೂ ತಡವರಿಸಲಿಲ್ಲ. ಮೇಡಂ ಥ್ಯಾಂಕ್ಸ್ ಹೇಳಿ ಫೋನಿಟ್ಟು, ಏಳನೆಯ ಹೆಸರಿನ ಮುಂದೆ ಸರಿ ಗುರುತು ಹಾಕಿದರು. ಬದುಕಿದೆವು ಎಂದು ನಾನು ಉಸಿರು ಬಿಟ್ಟೆ. ರುದ್ರಮುನಿ ಮಾತ್ರ ಕುರ್ಚಿಯಿಂದ ಎದ್ದು ನಿಂತ.

“ಮೇಡಂ, ಅವರು ಸುಳ್ಳು ಹೇಳಿದ್ರು. ನನ್ನನ್ನ ಉಳಿಸೋಕೆ. ಕದಿರಯ್ಯ ನಾನೇ,” ಎಂದು ಎಲ್ಲವನ್ನೂ ಒಪ್ಪಿಸಿದ.

ಮೇಡಂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಬಳೆ ತೊಟ್ಟಾಗಿನ ಮಾತನ್ನು ನಿಮ್ಮ ಹೆಸರಿನಲ್ಲೇ ಬರೆಯಿರಿ, ಮೂರು ತಿಂಗಳು ಸಮಯ ಕೊಡುತ್ತೇನೆ ಎಂದರು. ನೋಂದಣಿ ಉಳಿಯಿತು. ಆಮೇಲೆ ದೊಡ್ಡರಂಗಯ್ಯನವರ ಸಂದರ್ಶನದ ದಪ್ಪ ಕಟ್ಟನ್ನು ಅವನ ಮುಂದೆ ಸರಿಸಿದರು.

“ನಿಮಗೋಸ್ಕರ ಇಷ್ಟು ಸಲೀಸಾಗಿ ಸುಳ್ಳು ಹೇಳುವವರು, ಇದರಲ್ಲಿ ನಿಮಗೋಸ್ಕರ ಎಷ್ಟು ಹೇಳಿದ್ದಾರೆ?”

ಬಸ್ಸಿನಲ್ಲಿ ಊರು ಬರುವ ತನಕ ರುದ್ರಮುನಿ ಆ ಕಟ್ಟನ್ನೇ ಮೊದಲಿನಿಂದ ತಿರುವಿ ಹಾಕಿದ. ಭಾನುವಾರ ಮಿಡಿಗೇಶಿಗೆ ಹೋದೆವು. ಮುದುಕರಿಗೆ ಖುಷಿಯೋ ಖುಷಿ. “ಏನ್ಲಾ, ಬಚಾವ್ ಮಾಡ್ದೆನೋ ಇಲ್ವೋ?” ಎಂದು ನಕ್ಕು ಒಳಗಿನಿಂದ ಕಡ್ಲೆಕಾಯಿ ತರಿಸಿದರು.

ರುದ್ರಮುನಿ ಕಾಯಿ ಮುಟ್ಟಲಿಲ್ಲ. ತಲೆ ತಗ್ಗಿಸಿಯೇ ಕೇಳಿದ. “ಅಯ್ಯಾ, ದ್ರೌಪದಿ ಹೆಜ್ಜೆ ನಿಮ್ಮ ಮನೇಲಿ ನಾಲ್ಕು ತಲೆಮಾರಿಂದ ಐತೆ ಅಂದ್ರಲ್ಲ. ಅದು ನಿಜಾನಾ?”

ದೊಡ್ಡರಂಗಯ್ಯ ಅವನ ಬೆನ್ನು ಸವರಿದರು.

“ಅದ್ಕ್ಯಾಕೆ ಇಂಗೆ ಹೆದರ್ಕೋತೀಯ ಮಗ? ನಿಂಗೆ ಹೆಂಗಿದ್ರೆ ಅನುಕೂಲ ಹೇಳು, ಅಂಗೇ ಹೇಳ್ತೀನಿ.”