ಫೋಟೋಕ್ಕಾದರೆ ನಡೆಯುತ್ತದೆ

ಖಣ ಎಂದರೆ ನಿಮಗೆ ಈಗ ಚೀಲ, ಜಾಕೀಟು, ಮೊಬೈಲ್ ಇಡುವ ಪುಟ್ಟ ಸಂಚಿ. ಮೊನ್ನೆ ನಿಮ್ಮಲ್ಲೊಬ್ಬಳು ಖಣದ ಬಟ್ಟೆ ಹಚ್ಚಿದ ಚಪ್ಪಲಿ ಮೆಟ್ಟಿಕೊಂಡು ಬಂದಾಗ ನಾನು ಮುಖ ತಿರುಗಿಸಿದೆ. ಆಯಿಗೆ ಏನಾಯಿತು ಎಂದು ನೀವು ಮೊಮ್ಮಕ್ಕಳು ಒಬ್ಬರನ್ನೊಬ್ಬರು ಕೇಳಿಕೊಂಡಿರಿ. ನಾಲ್ಕು ಜನರ ಮುಂದೆ ಮಾತಾಡಲು ನನಗೆ ಬರುವುದಿಲ್ಲ. ಊರ ಶಾಲೆಯಲ್ಲಿ ಏಳನೆಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ, ಬರೆದು ಹೇಳುತ್ತೇನೆ. ಸಿಟ್ಟು ನಿಮ್ಮ ಮೇಲಲ್ಲ.

ನಮ್ಮ ಕಾಲದಲ್ಲಿ ಖಣವೆಂದರೆ ಕುಪ್ಪಸದ ಬಟ್ಟೆ. ಒಂದು ಕುಪ್ಪಸಕ್ಕೆ ಎಷ್ಟು ಬೇಕೋ ಅಷ್ಟೇ ತುಂಡು, ಮೂರು ಮೂಲೆ ಬರುವಂತೆ ಮಡಚಿದ್ದು, ಎರಡೂ ಅಂಚಿಗೆ ದಡಿ. ನಮ್ಮ ಮನೆಗಳಲ್ಲಿ ಹೆಂಗಸರು ಅದನ್ನು ತಮಗಾಗಿ ತಾವೇ ಕೊಳ್ಳುವುದು ಕಡಿಮೆ. ಅದು ಉಡಿಗೆ ಬರುತ್ತಿತ್ತು. ಮನೆಗೆ ಬಂದ ಮುತ್ತೈದೆ ಹೊರಟು ನಿಂತರೆ ಅವಳ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ ಅಡಿಕೆ, ಅರಿಷಿಣದ ಬೇರು ಹಾಕಿ ಮೇಲೊಂದು ಖಣ ಇಡುತ್ತಿದ್ದರು. ಮಗಳು ಗಂಡನ ಮನೆಗೆ ಹೊರಟ ದಿನ ಮೊದಲ ಉಡಿ ತಾಯಿಯದು.

ನನ್ನ ತವರು ರಾಯಬಾಗದ ಕಡೆ. ನಮ್ಮವ್ವ ನಿಪ್ಪಾಣಿ ಸಂತೆಗೆ ಹೋದಾಗಲೆಲ್ಲ ಒಂದು ಖಣ ತಂದಿಡುತ್ತಿದ್ದಳು. ಮದುವೆಗೆ, ಪಂಚಮಿಗೆ, ಬಸಿರಾದಾಗಿನ ಕುಬಸಕ್ಕೆ, ಕೂಸಿನ ಹೆಸರಿಡುವುದಕ್ಕೆ ಒಂದೊಂದಾಗಿ ಅವು ನನ್ನ ಉಡಿಗೆ ಬಂದವು. ಕೆಲವನ್ನು ಹೊಲಿಸಿಕೊಂಡೆ. ಉಳಿದವನ್ನು ಟ್ರಂಕಿನಲ್ಲಿ ಬೇವಿನೆಲೆ ಹಾಕಿ ಇಟ್ಟೆ.

ಎಂಬತ್ತರ ದಶಕದ ಮೊದಲಿಗೆ ನಿಮ್ಮ ಅಜ್ಜ ಜ್ವರದಲ್ಲಿ ತೀರಿಕೊಂಡರು. ನಿಮ್ಮ ಅವ್ವ ಆಗಿನ್ನೂ ಶಾಲೆಗೆ ಹೋಗುತ್ತಿರಲಿಲ್ಲ. ಹಣೆ ಒರೆಸಿದರು, ಬಳೆ ಒಡೆದರು. ಅದು ಎಲ್ಲರಿಗೂ ಕಾಣುವಂಥದ್ದು. ಕಾಣದ್ದು ಬೇರೆ ಇತ್ತು. ಗಂಡನ ಊರು ಅಂಕಲಿಯಲ್ಲಿ ಯಾರ ಮನೆಗೆ ಹೋದರೂ, ಹೊರಡುವಾಗ ನನ್ನನ್ನು ದಾಟಿ ಪಕ್ಕದವಳ ಉಡಿ ತುಂಬುತ್ತಿದ್ದರು. ಅಕ್ಕಿ ಹಿಡಿದ ಕೈ ನನ್ನ ಮುಂದೆ ಬಂದಾಗ ಒಂದು ಗಳಿಗೆ ತಡೆದು, ಆಮೇಲೆ ಮುಂದೆ ಹೋಗುತ್ತಿತ್ತು. ಅದು ತಡೆಯದೆ ಹೋಗಿದ್ದರೂ ನನಗೆ ಅಷ್ಟು ನೋಯುತ್ತಿರಲಿಲ್ಲ. ಆಮೇಲಾಮೇಲೆ ನಾನು ಯಾರ ಮನೆಗೂ ಹೋಗುವುದನ್ನೇ ಬಿಟ್ಟೆ.

ಟ್ರಂಕಿನ ಖಣಗಳನ್ನು ಮಾತ್ರ ಬಿಡಲಿಲ್ಲ. ವರ್ಷಕ್ಕೊಮ್ಮೆ ಬಿಸಿಲಿಗೆ ಹಾಕಿ, ಮಡಿಕೆ ಬದಲಿಸಿ ಇಡುತ್ತಿದ್ದೆ. ನನ್ನ ಮಗಳು ಹೊರಡುವ ದಿನ ಅವಳ ಉಡಿಯನ್ನು ಅವುಗಳಿಂದ ನಾನೇ ತುಂಬಬೇಕು ಎಂಬುದೊಂದೇ ಆಸೆ. ನನ್ನ ಕೈಗೆ ಅದು ಸಲ್ಲುವುದಿಲ್ಲ ಎಂದು ಗೊತ್ತಿದ್ದೂ ಆಸೆ.

ತೊಂಬತ್ತರ ದಶಕದ ನಡುವೆ ನಿಮ್ಮ ಅವ್ವನಿಗೆ ಅಥಣಿಯ ಕಡೆ ಗಂಡು ಗೊತ್ತಾಯಿತು. ಉಡಿ ಯಾರು ತುಂಬಬೇಕು ಎಂಬ ಮಾತು ಬಂದಾಗ ನಮ್ಮ ಅತ್ತೆ ನನ್ನ ಕಡೆ ನೋಡದೆಯೇ ಹೇಳಿದರು.

"ಸಣ್ಣಾಕಿ ತುಂಬತಾಳ. ಅದ್ರಾಗ ಕೇಳೂದೇನೈತಿ."

ಸಣ್ಣಾಕಿ ಎಂದರೆ ನನ್ನ ಮೈದುನನ ಹೆಂಡತಿ, ನನ್ನ ನೆಗೆಣ್ಣಿ.

ಮದುವೆಗೆ ಸ್ವಲ್ಪ ದಿನ ಇರುವಾಗ ನೆಗೆಣ್ಣಿಯ ಚಿಕ್ಕವ್ವನ ಮಗಳು ಪುಣೆಯಿಂದ ಕಾರಿನಲ್ಲಿ ಬಂದಳು. ದೊಡ್ಡ ದೊಡ್ಡವರ ಮನೆಯ ಹೆಂಗಸರಿಗೆ ಬಟ್ಟೆ ಮಾಡಿಕೊಡುವ ಅಂಗಡಿ ಅವಳದು. ಈಗ ಮುಂಬಯಿಯಲ್ಲೂ ಪರದೇಶದಲ್ಲೂ ಹಳ್ಳಿಯ ಬಟ್ಟೆಯದೇ ಫ್ಯಾಶನ್ನಂತೆ. ಹೊಸ ಖಣ ನಡೆಯುವುದಿಲ್ಲವಂತೆ. ಟ್ರಂಕಿನಲ್ಲಿ ಬಣ್ಣ ಮಾಗಿದ ಹಳೆಯದೇ ಬೇಕಂತೆ. ಅದನ್ನು ಕತ್ತರಿಸಿ ಕೋಟಿನ ಕಾಲರಿಗೆ, ಪರ್ಸಿಗೆ ಹಚ್ಚುತ್ತಾರಂತೆ. ಜೊತೆಗೆ ಒಬ್ಬ ಫೋಟೋದವನನ್ನೂ, ಫೋಟೋಕ್ಕೆ ನಿಲ್ಲಲು ಮುಂಬಯಿಯ ಒಬ್ಬ ಹುಡುಗಿಯನ್ನೂ ಕರೆತಂದಿದ್ದಳು. ನಮ್ಮ ಪಡಸಾಲೆಯಲ್ಲಿ, ಕಬ್ಬಿನ ಹೊಲದಲ್ಲಿ ಫೋಟೋ ತೆಗೆದು ಫ್ಯಾಶನ್ನಿನ ಪುಸ್ತಕದಲ್ಲಿ ಹಾಕಿಸುವುದು ಅವಳ ಹಂಚಿಕೆ.

ಆ ಹುಡುಗಿಗೆ ಇಳಕಲ್ ಸೀರೆ ಉಡಿಸಿದ್ದರು. ನಾವು ಎದೆಯ ಮುಂದೆ ಗಂಟು ಹಾಕುವ ಕುಪ್ಪಸವನ್ನು ಅವಳಿಗೆ ಹಿಂದುಮುಂದಾಗಿ ತೊಡಿಸಿ ಬೆನ್ನಿಗೆ ಗಂಟು ಹಾಕಿದ್ದರು. ಗದ್ದದ ಮೇಲೆ ಹಸಿರು ಪೆನ್ಸಿಲಿನಿಂದ ಹಚ್ಚೆಯ ಚುಕ್ಕೆಗಳು. ನನ್ನ ಗದ್ದಕ್ಕೆ ಹಚ್ಚೆ ಚುಚ್ಚುವಾಗ ಇಬ್ಬರು ನನ್ನನ್ನು ಹಿಡಿದುಕೊಂಡಿದ್ದರು, ಮೂರು ದಿನ ರೊಟ್ಟಿ ಅಗಿಯಲು ಆಗಿರಲಿಲ್ಲ. ಅವಳದು ಸಂಜೆ ಸಾಬೂನಿಗೆ ಹೋಗುವಂಥದ್ದು. ಪಾಪ, ಅವಳ ತಪ್ಪೇನೂ ಇಲ್ಲ. ಹೀಲಿನ ಚಪ್ಪಲಿ ಕಬ್ಬಿನ ಕೆಸರಿನಲ್ಲಿ ಹೂತುಹೋಗಿ, ಬರಿಗಾಲಲ್ಲಿ ನಮ್ಮ ಕಟ್ಟೆಗೆ ಬಂದು ಕುಳಿತಿದ್ದಳು.

ನಾನು ಕೊಟ್ಟಿಗೆಯಿಂದ ಒಳಗೆ ಬರುವಷ್ಟರಲ್ಲಿ ನನ್ನ ಟ್ರಂಕು ಪಡಸಾಲೆಯಲ್ಲಿ ಬಾಯಿ ತೆರೆದುಕೊಂಡಿತ್ತು. ಪುಣೆಯವಳು ನಮ್ಮವ್ವನ ಖಣಗಳನ್ನು ಬಿಡಿಸಿ ಬಿಡಿಸಿ ಬೆಳಕಿಗೆ ಹಿಡಿಯುತ್ತಿದ್ದಳು.

"ಇವು ನನ್ನವು," ಎಂದೆ. ದನಿ ನನಗೇ ಕೇಳಿಸಲಿಲ್ಲ.

"ಹೌದ್ರಿ ಅಕ್ಕಾರ, ನಿಮ್ಮವ ಅದಾವ, ಯಾರ ಇಲ್ಲ ಅಂದ್ರು," ಎಂದಳು ನೆಗೆಣ್ಣಿ. "ನೀವೇನ್ ತೊಡಾವ್ರ? ಸುಮ್ನ ಹುಳಕ್ಕ ಹಾಕೂದಕಿಂತ ಇಕಿಗೆ ಕೊಟ್ರ ನಾಕ್ ಮಂದಿ ನೋಡ್ತಾರ."

"ಮಗಳ ಉಡಿಗೆ ಇಟ್ಟೀನಿ."

ಅತ್ತೆ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದರು. "ಮದವಿ ಉಡಿಗೆ ರಂಡಿ ಟ್ರಂಕಿನ ಖಣ ಹಾಕ್ತಾರೇನ ಬೇ? ಹೊಸಾವು ತರ್ತಾರ. ಅವನ್ನ ಕೊಟ್ಟು ಕಳಸ."

ನಿಮ್ಮ ಅವ್ವ ಅಲ್ಲೇ ಬಾಗಿಲಿಗೆ ಒರಗಿ ನಿಂತಿದ್ದಳು. ಆ ಮಾತು ಅವಳೂ ಕೇಳಿದಳು. ನನ್ನ ಸಿಟ್ಟು ಅಲ್ಲಿಂದ ಶುರುವಾಯಿತು ಎಂದುಕೊಳ್ಳಬೇಡಿ. ಅದು ಹನ್ನೆರಡು ವರ್ಷದಿಂದ ಇತ್ತು, ಆದರೆ ನಾನು ಅದನ್ನು ದುಃಖ ಎಂದುಕೊಂಡಿದ್ದೆ.

ಅಷ್ಟರಲ್ಲಿ ಪುಣೆಯವಳು ಖಣ ಬಿಟ್ಟು ನನ್ನ ಮುಖ ನೋಡತೊಡಗಿದ್ದಳು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು, ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುತ್ತಾರಲ್ಲ, ಹಾಗೆ. ಫೋಟೋದವನಿಗೆ ಮರಾಠಿಯಲ್ಲಿ, "ಹಾಚ್ ಚೆಹರಾ ಪಾಯಿಜೆ," ಇದೇ ಮುಖ ಬೇಕು, ಎಂದಳು. ಅವರಿಗೆ ಮದುಮಗಳ ಉಡಿ ತುಂಬುವ ಫೋಟೋ ಬೇಕಿತ್ತು. ಮುಂಬಯಿಯ ಹುಡುಗಿ ಮದುಮಗಳು. ಉಡಿ ತುಂಬುವವಳು ನಾನು. ನೆಗೆಣ್ಣಿ ಹೊಸ ಪಾಲಿಸ್ಟರ್ ಸೀರೆ ಉಟ್ಟು, ಪೌಡರ್ ಹಚ್ಚಿಕೊಂಡು ತಯಾರಾಗಿ ನಿಂತಿದ್ದಳು. ಅವಳ ಮುಖ ಬಹಳ ಉಂಡುಟ್ಟ ಮುಖವಂತೆ, ಬೇಡವಂತೆ.

ಮಣೆ ಹಾಕಿದರು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಎಲೆ, ಅರಿಷಿಣ ಇಟ್ಟರು. ಮೇಲೆ ನನ್ನದೇ ಒಂದು ಖಣ. ಪುಣೆಯವಳು ಡಬ್ಬಿಯಿಂದ ದೊಡ್ಡದೊಂದು ಕೆಂಪು ಟಿಕಳಿ ಕಿತ್ತು ಬೆರಳ ತುದಿಯಲ್ಲಿ ಹಿಡಿದು ನನ್ನ ಹಣೆಯ ಹತ್ತಿರ ತಂದಳು. ನಾನು ಹಿಂದೆ ಸರಿದೆ.

"ಕಾಯ ಝಾಲ, ಮಾವಶಿ? ಫೋಟೋಸಾಠೀಚ್ ತರ್ ಆಹೆ."

ಏನಾಯಿತು, ಫೋಟೋಕ್ಕಷ್ಟೇ ತಾನೇ, ಎಂದು. ನನಗಿಂತ ವಯಸ್ಸಿನಲ್ಲಿ ದೊಡ್ಡವಳು, ನನ್ನನ್ನು ಮಾವಶಿ, ಚಿಕ್ಕವ್ವ, ಎನ್ನುತ್ತಿದ್ದಳು.

ನಾನು ಅತ್ತೆಯ ಕಡೆ ನೋಡಿದೆ. ಅವರು ಬೈಯುತ್ತಾರೆ, ಟಿಕಳಿ ಕಿತ್ತು ಒಗೆಯುತ್ತಾರೆ, ಕಾರಿನವರನ್ನು ಹೊರಗೆ ಹಾಕುತ್ತಾರೆ ಎಂದು ಖಾತ್ರಿ ಇತ್ತು. ಬೈದಿದ್ದರೆ, ನಿಜ ಹೇಳುತ್ತೇನೆ, ನಾನು ಅವರ ಮೇಲೆ ಗೌರವ ಇಟ್ಟುಕೊಂಡೇ ಸಾಯುತ್ತಿದ್ದೆ. ಕಟ್ಟುನಿಟ್ಟಿನ ಹೆಂಗಸು, ಎಲ್ಲರಿಗೂ ಒಂದೇ ನೇಮ ಎಂದುಕೊಳ್ಳುತ್ತಿದ್ದೆ.

"ಹಚ್ಕೊ," ಎಂದರು ಅತ್ತೆ. "ಖರೇ ಅಲ್ಲಲಾ. ಮಂದಿ ದೂರದಿಂದ ಬಂದಾರ. ಫೋಟೋಕ್ಕಾದ್ರ ನಡೀತೈತಿ."

ಹನ್ನೆರಡು ವರ್ಷ ಪಂಚಮಿಗೆ ಹೊರಗೆ ಬರಬೇಡ, ಕುಬಸದ ಮನೆಗೆ ಹೋಗಬೇಡ, ಸೀರೆಯ ದಡಿ ಕಾಣುವಂತೆ ಉಡಬೇಡ. ಅದೆಲ್ಲ ದೇವರ ನೇಮ ಎಂದು ನಂಬಿ ಸುಮ್ಮನಿದ್ದೆ. ಪುಣೆಯಿಂದ ಕಾರು ಬಂದರೆ ಸಡಿಲವಾಗುವ ನೇಮ ಅದು ಎಂದು ನನಗೆ ಯಾರೂ ಹೇಳಿರಲಿಲ್ಲ.

"ಅತ್ತಿ," ಎಂದೆ. ಈ ಸಲ ದನಿ ಎಲ್ಲರಿಗೂ ಕೇಳಿಸಿತು. "ಈ ಕೈ ಆ ಹುಡುಗಿ ಉಡಿಗೆ ನಡೀತೈತಿ ಅಂದ್ರ ನನ್ನ ಮಗಳ ಉಡಿಗೂ ನಡೀತೈತಿ. ಹೌದ್ ಅನ್ರಿ, ಇಲ್ಲಾ ಅಲ್ಲ ಅನ್ರಿ."

"ಅದ ಬ್ಯಾರೆ, ಇದ ಬ್ಯಾರೆ."

"ಏನ ಬ್ಯಾರೆ ಐತಿ ಹೇಳ್ರಿ."

ಅತ್ತೆ ಅಡಿಕೆಗತ್ತರಿ ತಿರುಗಿಸುತ್ತ ಕುಳಿತರು. ನೆಗೆಣ್ಣಿ, "ಮದವಿ ಮನ್ಯಾಗ ಎಂಥಾ ಮಾತ್ ತಗೀತೀರಿ ಅಕ್ಕಾರ, ಬಂದಾವ್ರು ಏನಂದಾರು," ಎಂದಳು. ಪುಣೆಯವಳು ಗಡಿಯಾರ ನೋಡಿ, ಬೆಳಕು ಹೋಗುತ್ತಿದೆ ಎಂದು ಗೊಣಗಿದಳು.

ನಾನು ಮಗಳನ್ನು ಕರೆದೆ. "ಬಾ, ಕುಂದ್ರು."

ಅವಳು ಬಂದು ಮಣೆಯ ಮೇಲೆ ಕುಳಿತಳು. ಮುಂಬಯಿಯ ಹುಡುಗಿಗೆ ಏನು ಅರ್ಥವಾಯಿತೋ, ಸರಿದು ಗೋಡೆಗೆ ನಿಂತು ಸೆರಗು ಹೊದ್ದುಕೊಂಡಳು. ನಾನು ಟಿಕಳಿ ಹಚ್ಚಿಕೊಳ್ಳಲಿಲ್ಲ. ಬೋಳು ಹಣೆಯಲ್ಲೇ ಬಗ್ಗಿ ಮಗಳ ಉಡಿಗೆ ಬೊಗಸೆ ತುಂಬ ಅಕ್ಕಿ ಹಾಕಿದೆ, ಕಾಯಿ ಇಟ್ಟೆ, ಎಲೆ ಅಡಿಕೆ ಅರಿಷಿಣ ಇಟ್ಟೆ. ಆಮೇಲೆ ಒಂದು ಖಣವಲ್ಲ. ಪುಣೆಯವಳು ಬಿಡಿಸಿ ಹರವಿದ್ದನ್ನೆಲ್ಲ ಬಾಚಿ ಮಡಚದೆಯೇ ಇಟ್ಟೆ. ಫೋಟೋದವನು ಕ್ಯಾಮೆರಾ ಎತ್ತಿದ.

"ತಮ್ಮಾ, ಅದನ್ನ ಕೆಳಗ ಇಡು. ಇದು ಫೋಟೋಕ್ಕಲ್ಲ," ಎಂದೆ. ಅವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಇಳಿಸಿದ.

ಪುಣೆಯವಳಿಗೆ ಕೊನೆಗೆ ನೆಗೆಣ್ಣಿಯ ಮುಖವೇ ಗತಿಯಾಯಿತು. ಆ ಪುಸ್ತಕ ಆಮೇಲೆ ಮನೆಗೆ ಬಂತು. ಇಂಗ್ಲಿಷಿನಲ್ಲಿ ಏನೋ ಬರೆದಿತ್ತು. ಭಾರತದ ಹೆಣ್ಣುಮಕ್ಕಳು ಒಬ್ಬರನ್ನೊಬ್ಬರು ಹರಸುವ ಸುಂದರ ಪದ್ಧತಿ ಎಂದು, ತವರಿಗೆ ಬಂದಿದ್ದ ನಿಮ್ಮ ಅವ್ವ ಓದಿ ಹೇಳಿದಳು. ಅದನ್ನು ನಾನು ಒಲೆಗೆ ಹಾಕಿದೆ. ಹಂಡೆಯ ನೀರು ಕಾಯುವಷ್ಟೂ ಉರಿಯಲಿಲ್ಲ, ಕಾಗದ ಬಹಳ ನುಣುಪಾಗಿತ್ತು.

ಮದುವೆಯ ದಿನ ಅಥಣಿಯಲ್ಲಿ ಅತ್ತೆ ತಮ್ಮ ಮಾತೇ ನಡೆಸಿದರು. ನನ್ನನ್ನು ಅಡುಗೆಯವರ ಹತ್ತಿರ ಕೂರಿಸಿ, ನೆಗೆಣ್ಣಿಯ ಕೈಗೆ ಹೊಸ ಖಣ ಕೊಟ್ಟರು. ಮೊದಲ ಉಡಿ ತುಂಬಲು ಅವಳು ಬಗ್ಗಿದಾಗ ನಿಮ್ಮ ಅವ್ವ ಅಂದದ್ದು ನನಗೆ ಬಾಗಿಲ ಹಿಂದೆ ಕೇಳಿಸಿತು.

"ಕಾಕೂ, ಮೊದಲಿಂದು ಅವ್ವ ತುಂಬ್ಯಾಳ. ನೀವು ಎರಡನೇದು ತುಂಬ್ರಿ."

ಆದರೂ ಹಂದರದಿಂದ ಯಾರೂ ನನ್ನನ್ನು ಹೊರಗೆ ಕರೆಯಲಿಲ್ಲ.