ತಲೆ ಎಣಿಸುವ ದಿನ

ನಾನು ಸೊಲ್ಲಾಪುರದ ಅಂಗಡಿ ಮನೆತನದವಳು. ನಮ್ಮಲ್ಲಿ ಏನನ್ನೂ ಎಣಿಸದೆ ಕೆಳಗಿಡುವುದಿಲ್ಲ. ಎಲ್ಲರೂ ಹೀಗೇ ಎಂದುಕೊಂಡು ಕೆಟ್ಟೆ.

ಸೊಲ್ಲಾಪುರದ ವಿಜಾಪುರ ರಸ್ತೆಯ ಮನೆಯಿಂದ ಎರಡು ಬಸ್ಸು ಬದಲಿಸಿ ದಿನಾ ಅಕ್ಕಲಕೋಟ ಕಡೆಯ ಹಳ್ಳಿಗೆ ಕಲಿಸಲು ಹೋಗುತ್ತಿದ್ದೆ. ಐದರಿಂದ ಏಳನೆಯ ತರಗತಿಯವರೆಗೆ ಕನ್ನಡ ಸಾಲಿ, ಎರಡು ಕೋಣೆ, ಇಪ್ಪತ್ತೊಂದು ಮಕ್ಕಳು, ‘ಬಾಯಿ’ ಎಂದು ಕರೆಸಿಕೊಳ್ಳುವ ಶಿಕ್ಷಕಿ ನಾನೊಬ್ಬಳೇ. ಹಾಜರಿ ಪಟದಲ್ಲಿ ಹೆಸರಿದ್ದ ಮಕ್ಕಳು ನಿಜವಾಗಿ ಬರುತ್ತಾರೋ ಇಲ್ಲವೋ ನೋಡಲು ತಾಲೂಕಿನ ಸಾಹೇಬರು ಬರುವವರಿದ್ದರು. ಇಪ್ಪತ್ತಕ್ಕಿಂತ ಕಡಿಮೆಯಾದರೆ ಸಾಲಿ ಬಂದ್. ಆಮೇಲೆ ಆರು ಕಿಲೋಮೀಟರ್ ದೂರದ ಮರಾಠಿ ಸಾಲಿಯೇ ಗತಿ. ಹುಡುಗರು ಹೇಗೋ ಹೋದಾರು, ಹುಡುಗಿಯರನ್ನು ಅಷ್ಟು ದೂರ ಯಾರು ಕಳಿಸುತ್ತಾರೆ?

ಅರ್ಧಕ್ಕರ್ಧ ಮಕ್ಕಳು ಕುರಿ ಸಾಕುವವರ ಓಣಿಯವರು. ಹಿಂದಿನ ದಿನ ಅಲ್ಲಿ ನಿಂತು ಕೂಗಿ ಹೇಳಿದೆ: "ನಾಳೆ ಸಾಹೇಬ್ರು ಮಕ್ಕಳನ್ನ ಎಣಸಾಕ ಬರ್ತಾರ. ಒಬ್ಬರನ್ನೂ ಬಿಡದ ಕಳಸ್ರಿ!" ಹೆಂಗಸರು ಮುಖ ಮುಖ ನೋಡಿಕೊಂಡರು. ಒಪ್ಪಿದರು ಎಂದುಕೊಂಡೆ, ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಮರುದಿನ ಬಂದವರು ಹತ್ತೇ ಮಕ್ಕಳು. ಸಾಹೇಬರನ್ನು ಕೂರಿಸಿ ಓಣಿಗೆ ಓಡಿದೆ. ಎಲ್ಲ ಮನೆಗೂ ಕೀಲಿ. ಮಕ್ಕಳನ್ನೂ ಕಟ್ಟಿಕೊಂಡು ಕುರಿಗಳ ಜೊತೆ ಅಡವಿಗೆ ಹೋಗಿಬಿಟ್ಟಿದ್ದರು. ತಿರುಗಿ ಬಂದು ಕೈ ಮುಗಿದೆ.

"ಒಂದ ದಿನ ತಡೀರಿ ಸಾಹೇಬ್ರ, ನಿಮ್ಮ ಕಾಲಿಗಿ ಬೀಳ್ತೀನಿ."

"ನಾ ಏನ್ ಮಾಡ್ಲಿ ಬಾಯಿ? ಕಂಡಷ್ಟ ಬರೀಬೇಕು."

ಹತ್ತು ಎಂದು ಬರೆದು, ಕೆಳಗೆ ನನ್ನದೇ ಸಹಿ ಮಾಡಿಸಿಕೊಂಡು ಹೋದರು. ಬಸ್ಸಿನಲ್ಲಿ ಯಾರು ನೋಡಿದರೇನು ಎಂದು ಅತ್ತೆ.

ಅದರ ಮರುದಿನ ಹೋದರೆ ಎಲ್ಲರೂ ಬಂದು ಕೂತಿದ್ದಾರೆ! ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ನಗುನಗುತ್ತ. ಏಳನೆಯ ಇಯತ್ತೆಯ ಹುಡುಗಿಯ ಅಜ್ಜಿ ಬಾಗಿಲಲ್ಲಿ ನಿಂತಿದ್ದಳು.

"ನಿನ್ನಿ ಎಲ್ಲಿ ಸತ್ತಿದ್ರಿ ಎಲ್ಲಾರೂ?" ಚೀರಿದೆ.

"ಸಿಟ್ಟಾಗಬ್ಯಾಡ್ರಿ ಬಾಯಿ. ನಾವು ಕುರಿನೂ ಎಣಸಂಗಿಲ್ಲ, ಒಂದೊಂದರ ಮಾರಿ ನೋಡೇ ಗುರ್ತ ಹಿಡಿತೀವಿ. ಜೀವ ಇದ್ದದ್ದನ್ನ ಎಣಿಸಿದ್ರ ದೃಷ್ಟಿ ಆಗತೈತಿ, ನಮ್ಮ ದೇವ್ರು ಬೀರೋಬಾಗ ನಡಿಯಂಗಿಲ್ಲ. ಅಂಥಾದ್ರಾಗ ಮಕ್ಕಳನ್ನ ಹೆಂಗ ಬಿಡೂಣ್ರಿ? ಎಣಸವ್ರು ಹೋದ್ರಲ್ಲ, ಅದಕ್ಕ ಕರಕೊಂಡ ಬಂದೀನಿ. ನಮ್ಮ ಹುಡುಗಿಗಿ ಚಲೋತ್ನ್ಯಾಗಿ ಕಲಸ್ರಿ."

ಸಾಲಿ ನಿನ್ನೆಯೇ ಹೋಯಿತು ಎಂದು ಆ ಮುದುಕಿಗೆ ಹೇಗೆ ಹೇಳಲಿ? ಹೇಳಲಿಲ್ಲ. ಒಳಗೆ ಹೋದೆ. ಹಾಜರಿ ಪುಸ್ತಕ ತೆರೆಯಲು ಕೈ ಬರಲಿಲ್ಲ. ಮೊದಲ ಸಾಲಿನಿಂದ ಹಿಂದಿನ ಗೋಡೆಯವರೆಗೆ ಒಬ್ಬೊಬ್ಬರ ಮುಖ ನೋಡುತ್ತ ಬಂದೆ. ಎಲ್ಲರೂ ಇದ್ದರು.